ಹೊಟ್ಟೆನೋವಿನ ಹಿಂದೆ ಬರುವ ಸಕ್ಕರೆ

ಸಕ್ಕರೆ ಕಾಯಿಲೆಯೆಂದರೆ ಬೊಜ್ಜು ಬೆಳೆದ ನಡುವಯಸ್ಸಿನವರ ಸೊತ್ತೆಂದು ನಮ್ಮವರಲ್ಲಿ ಅನೇಕರ ಭಾವನೆ. ನಾವು ಬಂದು ನೆಲೆಸಿರುವ ಈ ಕೇರಳದಲ್ಲಿ ಅದು ಬರುವ ಬೇರೊಂದು ದಾರಿಯೂ ಉಂಟು. ಬಡಕಲು ಹುಡುಗನಿಗೆ ಆಗಾಗ ಬೆನ್ನಿನವರೆಗೆ ಹಬ್ಬುವ ಹೊಟ್ಟೆನೋವು. ವರ್ಷಗಳು ಕಳೆದ ಮೇಲೆ ಮೂತ್ರದಲ್ಲಿ ಸಕ್ಕರೆ. ಎಕ್ಸ್‌ರೇ ತೆಗೆದರೆ ಮೇದೋಜೀರಕ ಗ್ರಂಥಿಯ ನಾಳಗಳಲ್ಲಿ ಕಲ್ಲುಗಳು!

ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಗೆ ಎರಡು ಕೆಲಸ. ಆಹಾರವನ್ನು ಅರಗಿಸುವ ರಸವನ್ನು ಕರುಳಿಗೆ ಕಳಿಸುವುದು ಒಂದು. ಇನ್ನೊಂದು, ತನ್ನೊಳಗೆ ಚದರಿರುವ ಪುಟ್ಟ ಜೀವಕೋಶಗಳ ಗುಂಪುಗಳಿಂದ ಇನ್ಸುಲಿನ್ನನ್ನು ರಕ್ತಕ್ಕೆ ಸೇರಿಸುವುದು. ೧೮೬೯ರಲ್ಲಿ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಕಂಡ ಆ ಗುಂಪುಗಳಿಗೆ ಅವನ ಹೆಸರೇ ನಿಂತಿದೆ. ಗ್ರಂಥಿಯು ಮತ್ತೆ ಮತ್ತೆ ಉರಿಯೂತಕ್ಕೆ ಒಳಗಾದರೆ ಮೆತ್ತನೆಯ ಅಂಗ ನಾರಾಗುತ್ತದೆ. ಮೊದಲು ಕೆಡುವುದು ಅರಗಿಸುವ ಭಾಗ. ಇನ್ಸುಲಿನ್ ಕೋಶಗಳು ಬಹಳ ಕಾಲ ತಡೆದುಕೊಂಡು ಆಮೇಲೆ ಸೋಲುತ್ತವೆ. ನೋವಿಗೂ ಸಕ್ಕರೆಗೂ ನಡುವೆ ವರ್ಷಗಳ ಅಂತರವಿರುವುದು ಇದರಿಂದಲೇ.

೧೯೫೯ರಲ್ಲಿ ಜೈದೆಮಾ ಎಂಬ ವೈದ್ಯರು ಇಂಡೋನೇಷ್ಯದ ಬಡ ರೋಗಿಗಳಲ್ಲಿ ಇಂಥ ಕಲ್ಲುಗಳನ್ನು ವಿವರಿಸಿದರು. ಕೇರಳದಲ್ಲಿ ಪಿ. ಜೆ. ಗೀವರ್ಗೀಸರು ನೂರಾರು ಮಂದಿಯನ್ನು ಪರೀಕ್ಷಿಸಿ ೧೯೬೮ರಲ್ಲಿ ಇದರ ಮೇಲೆ ಗ್ರಂಥವನ್ನೇ ಬರೆದರು. ಬಾಲ್ಯದಲ್ಲಿ ನೋವು, ಹರೆಯದಲ್ಲಿ ಸಕ್ಕರೆ, ತುಂಬು ಪ್ರಾಯದಲ್ಲಿ ಸಾವು: ಅಂದಿನ ರೋಗಿಗಳ ಪಾಡು ಇಷ್ಟೇ ಆಗಿತ್ತು.

ಕಾರಣವೆಂದು ಸಂಶಯ ಬಿದ್ದದ್ದು ಮರಗೆಣಸಿನ ಮೇಲೆ. ತಿರುವಾಂಕೂರಿನಲ್ಲಿ ವಿಶಾಖಂ ತಿರುನಾಳ್ ಮಹಾರಾಜರು (ಆಳ್ವಿಕೆ ೧೮೮೦-೮೫) ಬೆಳೆಸಲು ಪ್ರೋತ್ಸಾಹಿಸಿದ ಗೆಡ್ಡೆ ಅದು. ಅಕ್ಕಿ ಸಿಗದ ಕಾಲದಲ್ಲಿ ಬಡವರ ಹೊಟ್ಟೆ ತುಂಬಿಸಿದ್ದೂ ಅದೇ. ಅದರಲ್ಲಿ ಸಯನೈಡ್ ಬಿಡುವ ಅಂಶವಿರುವುದೇನೋ ನಿಜ. ಆದರೆ ಮರಗೆಣಸನ್ನೇ ತಿನ್ನದ ಕಡೆಗಳಲ್ಲೂ ಈ ರೋಗ ಕಂಡುಬಂದಿತು. ಈ ಶತಮಾನದ ಆರಂಭದಲ್ಲಿ ಅನೇಕ ರೋಗಿಗಳಲ್ಲಿ ಸ್ಪಿಂಕ್-೧ ಎಂಬ ಜೀನಿನ ದೋಷ ಸಿಕ್ಕಿದ ಮೇಲೆ ಗೆಣಸಿನ ಮೇಲಿನ ಆರೋಪ ಇನ್ನಷ್ಟು ಸಡಿಲವಾಯಿತು. ತ್ರಿಪ್ಪುಣಿತ್ತುರದ ನಮ್ಮ ಮನೆಗಳಲ್ಲಿ ಬೇಯಿಸಿ ನೀರು ಬಸಿದ ಕಪ್ಪವನ್ನು ಬಿಡಬೇಕಾದ ಕಾರಣ ನನಗಂತೂ ಕಾಣದು. ಮದ್ಯವಾದರೆ ಮಾತು ಬೇರೆ; ಗ್ರಂಥಿಯನ್ನು ಕೆಡಿಸುವುದರಲ್ಲಿ ಅದರ ಪಾತ್ರ ಸ್ಪಷ್ಟ.

ಹಳೆಯ ರೂಪದ ಈ ರೋಗ ಈಗ ವಿರಳ. ಬಂದರೂ ವಯಸ್ಸು ಮೀರಿ, ಸೌಮ್ಯವಾಗಿ ಬರುವುದೇ ಹೆಚ್ಚು. ಆದರೂ ತೆಳ್ಳಗಿರುವ ಯುವಕನಿಗೆ ಸಕ್ಕರೆ ಕಂಡಾಗ ಹಳೆಯ ಹೊಟ್ಟೆನೋವನ್ನೂ, ಜಿಡ್ಡಿನಂತೆ ತೇಲುವ ಮಲವನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು. ಇವರಲ್ಲಿ ಅನೇಕರಿಗೆ ಇನ್ಸುಲಿನ್ ಜತೆಗೆ ಊಟದೊಡನೆ ನುಂಗುವ ಕಿಣ್ವದ ಗುಳಿಗೆಯೂ ಬೇಕಾಗುತ್ತದೆ. ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಕೋಶಗಳೂ ನಾಶವಾಗಿರುವುದರಿಂದ, ಇನ್ಸುಲಿನ್ ಕೊಂಚ ಹೆಚ್ಚಾದರೂ ಸಕ್ಕರೆ ಥಟ್ಟನೆ ಕುಸಿಯುವ ಭಯವುಂಟು.