ಹಳೆಯ ಚಲನಚಿತ್ರ ಡಿಸ್ಕುಗಳು: ಇಡುವುದೋ, ಬಿಡುವುದೋ?

ಅಚ್ಚಿನ ಪುಸ್ತಕ ಕೈಗೆ ಬಂದಮೇಲೂ ವಿದ್ವಾಂಸನು ಓಲೆಗರಿಯನ್ನು ಬಿಸುಡುವುದಿಲ್ಲ. ಪಾಠಾಂತರವು ಅದರಲ್ಲಿಯೇ ಉಳಿದಿರಬಹುದು. ಚಲನಚಿತ್ರದ ಹಳೆಯ ಡಿಸ್ಕುಗಳಿಗೂ ಇದೇ ನ್ಯಾಯ ಸಲ್ಲುತ್ತದೆ. 1977ರ ಅಮೆರಿಕದ ‘ಸ್ಟಾರ್ ವಾರ್ಸ್’ ಚಿತ್ರವನ್ನು ನಿರ್ದೇಶಕ ಜಾರ್ಜ್ ಲ್ಯೂಕಾಸ್ 1997ರಲ್ಲಿ ತಿದ್ದಿದರು; ಮುಂದೆ ತಿದ್ದಿದ ಪಾಠವೇ ರೂಢಿಯಾಯಿತು. 2006ರಲ್ಲಿ ಮೂಲಪಾಠವನ್ನು ಡಿವಿಡಿಯಲ್ಲಿ ಕೊಡುವಾಗ, 1993ರ ಲೇಸರ್ ಡಿಸ್ಕಿಗೆಂದು ಸಿದ್ಧಪಡಿಸಿದ್ದ ಪ್ರತಿಯನ್ನೇ ಆಶ್ರಯಿಸಬೇಕಾಯಿತು. 30 ಸೆಂಟಿಮೀಟರ್ ಅಗಲದ ಆ ತಟ್ಟೆಯನ್ನು ಹಳತೆಂದು ಮಾರಿದವರು ಎಷ್ಟು ಮಂದಿಯೋ!

ಡಿಸ್ಕೇನೂ ಚಿರಂಜೀವಿಯಲ್ಲ. ಅಂಟು ಸಡಿಲಿ ಗಾಳಿ ತಾಗಿದರೆ ಒಳಗಿನ ಅಲ್ಯೂಮಿನಿಯಂ ಲೇಪವು ಕೆಟ್ಟು ಚಿತ್ರದಲ್ಲಿ ಚುಕ್ಕೆಗಳೇಳುತ್ತವೆ. ಯಂತ್ರವೂ ಬೇಕಷ್ಟೆ; ಪಯನಿಯರ್ ಸಂಸ್ಥೆಯು 2009ರಲ್ಲಿಯೇ ಲೇಸರ್ ಡಿಸ್ಕ್ ಯಂತ್ರಗಳ ತಯಾರಿಕೆಯನ್ನು ಕೈಬಿಟ್ಟಿತು. ಆದುದರಿಂದ ಅದೇ ಪಾಠವು ಹೊಸ ರೂಪದಲ್ಲಿ ದೊರೆಯುವ ಡಿಸ್ಕುಗಳನ್ನು ಬಿಟ್ಟರೆ ನಷ್ಟವಿಲ್ಲ. ದೊರೆಯದವನ್ನು, ಅವುಗಳನ್ನು ನಡೆಸುವ ಯಂತ್ರಸಹಿತವಾಗಿ, ಇಟ್ಟುಕೊಳ್ಳತಕ್ಕದ್ದು.