ಸಿಹಿ ಗುಳಿಗೆಯೊಳಗೆ ಏನಿದೆ? ಹೋಮಿಯೋಪಥಿ: ತಿಳಿದು ಬಳಸೋಣ

ನಮ್ಮ ಅನೇಕ ಮನೆಗಳ ಕಪಾಟಿನಲ್ಲಿ ಬಿಳಿ ಗುಳಿಗೆಗಳ ಪುಟ್ಟ ಬಾಟಲಿಯೊಂದು ಇರುತ್ತದೆ. ಸಿಹಿಯಾದ್ದರಿಂದ ಮಕ್ಕಳು ಹಠ ಮಾಡದೆ ಸೇವಿಸುತ್ತಾರೆ. ‘ಇದರಿಂದ ಅಡ್ಡಪರಿಣಾಮವಿಲ್ಲ’ ಎಂಬ ಧೈರ್ಯ ಹೆತ್ತವರದ್ದು. ಆದರೆ ಆ ಗುಳಿಗೆಯಲ್ಲಿ ಏನಿದೆ, ಯಾವಾಗ ಅದನ್ನು ನೆಚ್ಚಿ ಕೂರಬಾರದು ಎಂಬುದನ್ನು ತಿಳಿದಿರುವುದು ಅಗತ್ಯ.

ಹುಟ್ಟಿದ್ದು ಹೀಗೆ

ಜರ್ಮನಿಯ ವೈದ್ಯ ಸ್ಯಾಮುಯೆಲ್ ಹಾನಿಮನ್ (1755-1843) ಈ ಪದ್ಧತಿಯ ಸ್ಥಾಪಕರು. ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನ ತೊಗಟೆಯನ್ನು 1790ರಲ್ಲಿ ಅವರು ತಾವೇ ಸೇವಿಸಿ ನೋಡಿದರು. ಮಲೇರಿಯಾದಂತಹದೇ ಲಕ್ಷಣಗಳು ಕಂಡವೆಂದು ದಾಖಲಿಸಿದರು. ಆರೋಗ್ಯವಂತನಲ್ಲಿ ಯಾವ ಲಕ್ಷಣ ಉಂಟುಮಾಡುವುದೋ ಅದೇ ವಸ್ತು ರೋಗಿಯಲ್ಲಿ ಆ ಲಕ್ಷಣವನ್ನು ಗುಣಪಡಿಸುತ್ತದೆ ಎಂಬ ತತ್ವ ಅಲ್ಲಿಂದ ಬೆಳೆಯಿತು. ಈರುಳ್ಳಿ ಹೆಚ್ಚುವಾಗ ಕಣ್ಣು, ಮೂಗಿನಲ್ಲಿ ನೀರು ಸುರಿಯುತ್ತದಲ್ಲವೇ? ಅಂತಹ ನೆಗಡಿಗೆ ಈರುಳ್ಳಿಯಿಂದಲೇ ತಯಾರಿಸಿದ ‘ಅಲಿಯಂ ಸೆಪ’ ಕೊಡುತ್ತಾರೆ.

ನಮ್ಮ ಕರಾವಳಿಗೆ ಈ ಪದ್ಧತಿ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲೇ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದಿದ್ದರು.

30 ಎಂದರೇನು?

ಮೂಲ ಔಷಧದ ಒಂದು ಭಾಗಕ್ಕೆ 99 ಭಾಗ ಮದ್ಯಸಾರ ಅಥವಾ ನೀರು ಸೇರಿಸಿ ಕುಲುಕಿದರೆ ‘1ಸಿ’. ಅದರ ಒಂದು ಭಾಗವನ್ನು ಮತ್ತೆ 99ಕ್ಕೆ ಬೆರೆಸಿದರೆ ‘2ಸಿ’. ಹೀಗೆ 30 ಬಾರಿ ಮಾಡಿದ್ದು ‘30ಸಿ’. ಹೆಚ್ಚು ತೆಳುವಾದಷ್ಟೂ ಶಕ್ತಿ ಹೆಚ್ಚು ಎನ್ನುವುದು ಹೋಮಿಯೋಪಥಿಯ ನಂಬಿಕೆ. ಆದರೆ 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಅತ್ಯಲ್ಪ ಎನ್ನುತ್ತದೆ ರಸಾಯನಶಾಸ್ತ್ರ. ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿದ ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿಯು, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ಯಾವ ಕಾಯಿಲೆಯಲ್ಲೂ ವಿಶ್ವಾಸಾರ್ಹ ಪುರಾವೆ ಇಲ್ಲವೆಂದು 2015ರಲ್ಲಿ ಹೇಳಿತು. ಭಾರತದಲ್ಲಿ ಇದು ಕಾನೂನಿನ ಮಾನ್ಯತೆ ಪಡೆದ ಪದ್ಧತಿ. ಎರಡನ್ನೂ ತಿಳಿದು ನಿರ್ಧರಿಸಬೇಕು.

ಬಳಸುವಾಗ

* ಗುಳಿಗೆಯನ್ನು ಕೈಯಲ್ಲಿ ಮುಟ್ಟದೆ ಮುಚ್ಚಳದಿಂದಲೇ ನಾಲಿಗೆಯ ಮೇಲೆ ಹಾಕಿ ಕರಗಿಸುವುದು, ಕರ್ಪೂರ, ಅತ್ತರಿನಿಂದ ಬಾಟಲಿಯನ್ನು ದೂರವಿಡುವುದು ಈ ಪದ್ಧತಿಯ ರೂಢಿ.

* ‘ಮದರ್ ಟಿಂಕ್ಚರ್’ ತೆಳುಗೊಳಿಸಿದ ಔಷಧವಲ್ಲ. ಅದರಲ್ಲಿ ಮೂಲ ವಸ್ತು ಇರುತ್ತದೆ, ಮದ್ಯಸಾರವೂ ಇರುತ್ತದೆ. ವೈದ್ಯರು ಹೇಳದೆ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡಬೇಡಿ. ಹಲ್ಲು ಹುಟ್ಟುವ ಶಿಶುಗಳಿಗೆಂದು ಮಾರುತ್ತಿದ್ದ ಕೆಲವು ಹೋಮಿಯೋಪಥಿ ಮಾತ್ರೆಗಳಲ್ಲಿ ವಿಷಕಾರಿ ಬೆಲ್ಲಡೋನದ ಪ್ರಮಾಣ ಏರುಪೇರಾಗಿದ್ದುದನ್ನು ಅಮೆರಿಕದ ಔಷಧ ಆಡಳಿತ 2017ರಲ್ಲಿ ಪತ್ತೆಹಚ್ಚಿತ್ತು.

* ಔಷಧದಲ್ಲಿನ ಮದ್ಯಸಾರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸಂದೇಹವಿದ್ದರೆ ನಿಮ್ಮ ವಿದ್ವಾಂಸರನ್ನು ಕೇಳಿ.

* ಗುಳಿಗೆ ಎಷ್ಟೇ ಚಿಕ್ಕದಿರಲಿ, ನುಂಗಿದರೆ ಉಪವಾಸ ಮುರಿಯುತ್ತದೆ. ರಮಝಾನಿನಲ್ಲಿ ಇಫ್ತಾರ್ ಮತ್ತು ಸಹರಿಯ ವೇಳೆಗೆ ಹೊಂದಿಸಿಕೊಳ್ಳಿ.

ಇಲ್ಲಿ ಕಾಯಬೇಡಿ

ಅಪಾಯ ಇರುವುದು ಹೆಚ್ಚಾಗಿ ಗುಳಿಗೆಯಲ್ಲಲ್ಲ, ಅದನ್ನು ನೆಚ್ಚಿ ಕಳೆಯುವ ಸಮಯದಲ್ಲಿ. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ, ಉಸಿರಾಟದ ತೊಂದರೆ, ಫಿಟ್ಸ್, ಎದೆನೋವು, ಡೆಂಗಿಯ ಶಂಕೆ, ವಾಂತಿ ಭೇದಿಯಿಂದ ಮೂತ್ರ ಕಡಿಮೆಯಾಗುವುದು, ಹಾವು ಕಡಿತ - ಇವುಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ಸುಲಿನ್, ರಕ್ತದೊತ್ತಡದ ಮಾತ್ರೆ, ಆಸ್ತಮಾದ ಇನ್‌ಹೇಲರ್, ಕ್ಷಯದ ಔಷಧಗಳನ್ನು ‘ಹೋಮಿಯೋ ಶುರು ಮಾಡಿದ್ದೇವೆ’ ಎಂದು ನಿಲ್ಲಿಸಬೇಡಿ. ಪೋಲಿಯೋ, ದಡಾರದ ಲಸಿಕೆಗೆ ಯಾವ ಗುಳಿಗೆಯೂ ಬದಲಿಯಲ್ಲ.

ರೋಗ ಬಂದಾಗ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ವೈದ್ಯ ವಿದ್ಯೆ ತಿಳಿಯದೆ ಚಿಕಿತ್ಸೆ ಕೊಡುವವನು ಅದರ ಹಾನಿಗೆ ಹೊಣೆಗಾರ ಎಂದೂ ಎಚ್ಚರಿಸಿದ್ದಾರೆ. ನೆರೆಮನೆಯ ಮಗುವಿಗೆ ನಮ್ಮ ಬಾಟಲಿಯಿಂದ ನಾಲ್ಕು ಗುಳಿಗೆ ಹಾಕುವ ಮುನ್ನ ಈ ಮಾತು ನೆನಪಿರಲಿ.