ಮಲೆನಾಡಿನ ಬೇಸಿಗೆ: ಹಗಲು ಸೆಕೆ, ಸಂಜೆ ಸಿಡಿಲು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಸೆಕೆ ಮತ್ತು ಗುಡುಗು ಮಳೆ ಹಲವು ಸಲ ಒಂದೇ ದಿನ ಬರುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಅರಬ್ಬಿ ಸಮುದ್ರದಿಂದ ಘಟ್ಟ ಹತ್ತಿ ಬಂದ ತೇವವೂ ಅದರೊಡನೆ ಸೇರಿ, ಮಧ್ಯಾಹ್ನ ಕಳೆಯುವಷ್ಟರಲ್ಲಿ 10 ಕಿ.ಮೀ.ಗೂ ಎತ್ತರದ ಮೋಡ ಕಟ್ಟುತ್ತದೆ. ಅದರೊಳಗೆ ಹಿಮದ ಹರಳುಗಳು ಆಲಿಕಲ್ಲಿನ ಚೂರುಗಳಿಗೆ ತಾಗಿ ವಿದ್ಯುತ್ ಆವೇಶ ಬೇರ್ಪಡುತ್ತದೆ. ಅದು ನೆಲಕ್ಕೆ ಹರಿದರೆ ಸಿಡಿಲು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳಲ್ಲಿ ಗುಡುಗು ಹೆಚ್ಚಿರುವುದು ಇದರಿಂದ.

ಇಲ್ಲಿನ ಉಷ್ಣಾಂಶ ರಾಯಚೂರು, ಕಲಬುರಗಿಯಷ್ಟು ಏರುವುದಿಲ್ಲ. ಆದರೆ ಗಾಳಿಯಲ್ಲಿ ತೇವವಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತೇವಾಂಶ ಶೇ. 60 ಇದ್ದಾಗ 35 ಡಿಗ್ರಿ ಸೆಲ್ಸಿಯಸ್ ಬಿಸಿಲು ದೇಹಕ್ಕೆ ಸುಮಾರು 45 ಡಿಗ್ರಿಯಂತೆ ತಟ್ಟುತ್ತದೆ. ಕಾಳುಮೆಣಸಿನ ಕೊಯ್ಲು, ದರಕು ಒಟ್ಟುವುದು, ತೋಟಕ್ಕೆ ಮಣ್ಣು ಹಾಕುವುದು ಇತ್ಯಾದಿ ಕೆಲಸಗಳನ್ನು ಬೆಳಿಗ್ಗೆ 11ರೊಳಗೆ ಮುಗಿಸುವುದು ಮೇಲು. ಬಾಯಾರುವ ಮೊದಲೇ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಗಂಜಿ ಅಥವಾ ಮುರುಗಲು ಪಾನಕ ಕುಡಿಯಬೇಕು. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ನೆರಳಿಗೆ ಬಂದು ವಿಶ್ರಮಿಸಿ ಓಆರ್‌ಎಸ್ ಕುಡಿಯಬೇಕು. ಮೈ ಕಾವು 40 ಡಿಗ್ರಿ ಮುಟ್ಟಿ ಮಾತು ತಡವರಿಸಿದರೆ, ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮಧ್ಯಾಹ್ನದ ನಂತರ ಗಮನ ಮೋಡದ ಕಡೆಗಿರಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಮೊಬೈಲಿಗೆ ಎಚ್ಚರಿಕೆ ನೀಡುತ್ತವೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಎಣಿಕೆಯೇ ಸಾಧನ: ಗುಡುಗಿನ ಸದ್ದು ಒಂದು ಕಿ.ಮೀ. ಕ್ರಮಿಸಲು ಸುಮಾರು 3 ಸೆಕೆಂಡ್ ಬೇಕು. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ, ತಡಮಾಡದೆ ಒಳಗೆ ಸೇರಬೇಕು.

ಪಕ್ಕಾ ಮನೆ, ಇಲ್ಲವೇ ಕಿಟಕಿ ಮುಚ್ಚಿದ ಕಾರು ಅಥವಾ ಬಸ್ಸು ಸುರಕ್ಷಿತ. ತೋಟದ ಗುಡಿಸಲು, ಬೈಕು, ಆಟೋ ಹಾಗಲ್ಲ. ಮರದಡಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಮರಕ್ಕೆ ಹೊಡೆದ ಸಿಡಿಲು ಪಕ್ಕದ ವ್ಯಕ್ತಿಗೆ ಹಾರಬಲ್ಲದು. ಅಪ್ಪೆಮಿಡಿ ಕೊಯ್ಯಲು ಮರ ಹತ್ತಿದವರು, ಅಲ್ಯೂಮಿನಿಯಂ ಏಣಿ ಅಥವಾ ಲೋಹದ ದೋಟಿ ಹಿಡಿದವರು ಮೊದಲ ಗುಡುಗಿಗೇ ಕೆಲಸ ನಿಲ್ಲಿಸಬೇಕು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ಬಯಲಿನಲ್ಲಿ ದನ ಕಾಯುವವರು, ನೀರಿನಲ್ಲಿರುವ ಮೀನುಗಾರರು ಇನ್ನೂ ಬೇಗ ಹೊರಡಬೇಕು. ಸಿಡಿಲಿನ ವಿದ್ಯುತ್ ನೆಲದಲ್ಲೂ ಹರಡುತ್ತದೆ. ಮುಂಗಾಲು–ಹಿಂಗಾಲುಗಳ ಅಂತರ ಹೆಚ್ಚಿರುವ ಜಾನುವಾರುಗಳು ಒಟ್ಟಿಗೆ ಸಾಯುವುದು ಹೀಗೆ. ಬಯಲಲ್ಲಿ ಸಿಕ್ಕಿಬಿದ್ದವರು ಮಲಗಬಾರದು. ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರುವುದು ಕೊನೆಯ ಉಪಾಯ, ಪೂರ್ಣ ರಕ್ಷಣೆಯಲ್ಲ.

ಮನೆಯೊಳಗೆ ಟಿ.ವಿ., ಮೋಡೆಮ್, ಪಂಪ್‌ಗಳ ಸಂಪರ್ಕವನ್ನು ಗುಡುಗು ಹತ್ತಿರವಾಗುವ ಮೊದಲೇ ತೆಗೆಯಬೇಕು. ಆಗ ಸ್ನಾನ, ಪಾತ್ರೆ ತೊಳೆಯುವುದು ಬೇಡ; ಜಗಲಿಯ ಅಂಚು, ಕಿಟಕಿಗಳಿಂದ ದೂರವಿರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಬರಬೇಕು.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಿಲ್ಲ. ಉಸಿರಾಟ ನಿಂತಿದ್ದರೆ 108ಕ್ಕೆ ತಿಳಿಸಿ, ನಿಮಿಷಕ್ಕೆ 100ರಿಂದ 120 ಸಲ ಎದೆಯ ನಡುವೆ ಒತ್ತುತ್ತಿರಬೇಕು. ಆದರೆ ಗಾಳಿಗೆ ಕಡಿದುಬಿದ್ದ ತಂತಿಯ ಬಳಿ ಸುಳಿಯಬಾರದು. 1912ಕ್ಕೆ ಕರೆ ಮಾಡಿ ಮೆಸ್ಕಾಂಗೆ ತಿಳಿಸಬೇಕು.